ಡಾಕ್ಟರ್ ಕಾಕಾ ತಿಂದ ಜಿಲೇಬಿ

ಹೋದ ತಿಂಗಳು ಮುಂಡಗೋಡದಲ್ಲಿ ನಮ್ಮ ಓಣಿಯವರೊಬ್ಬರ ಹೊಸ ಮನೆಯ ಊಟಕ್ಕೆ ಹೋಗಿದ್ದೆ. ಹಿತ್ತಿಲಿನಿಂದ ಜಿಲೇಬಿ ಕರಿಯುವ ವಾಸನೆ ಬಂತು, ಅದರ ಬೆನ್ನಿಗೇ ಕೇಸರಿ ಹಾಕಿದ ಪಾಕದ ವಾಸನೆ. ಬಾಯಲ್ಲಿ ನೀರೂರಬೇಕಿತ್ತು. ನನಗೆ ಮಾತ್ರ ಯಾರೋ ಹಿಂದೆ ನಿಂತು ಎಲೆಯ ಮೇಲೆ ಕಣ್ಣಿಟ್ಟಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹಾಗೆ ನಿಲ್ಲಬೇಕಾದವರು ಈಗ ಇಲ್ಲ...

ನಾವು ಮಕ್ಕಳೆಲ್ಲ ಅವರನ್ನು ಡಾಕ್ಟರ್ ಕಾಕಾ ಅನ್ನುತ್ತಿದ್ದೆವು. ದಾಂಡೇಲಿಯಲ್ಲಿ ಅಪ್ಪನ ಬಟ್ಟೆ ಅಂಗಡಿಯ ಎದುರಿಗೇ ಅವರ ದವಾಖಾನೆ. ಗುಬ್ಬಿಯಂಥ ಮೈ, ಲಾರಿ ಹಾರ್ನಿನಂಥ ದನಿ. ಒಳಗೆ ಒಬ್ಬರಿಗೆ ಹೇಳಿದ ಗುಟ್ಟು ಹೊರಗಿನ ಬೆಂಚಿನವರಿಗೆಲ್ಲ ಕೇಳುತ್ತಿತ್ತು, ರಸ್ತೆ ದಾಟಿ ನಮ್ಮ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದವರಿಗೂ ಕೇಳುತ್ತಿತ್ತು.

“ಅಕ್ಕಾರ, ಬಿ.ಪಿ. ಇಳದಿಲ್ಲ. ಉಪ್ಪಿನಕಾಯಿ ಭರಣಿ ಯಾರಿಗೆ ಕೊಟ್ರಿ?”

“ಯಾರಿಗೂ ಕೊಟ್ಟಿಲ್ಲರೀ.”

“ಯಾಕ ಕೊಟ್ಟಿಲ್ಲಂತನ ಕೇಳಾಕ ಹತ್ತೀನಿ!”

ಅವರಿಗೆ ಗುಳಿಗೆಯ ಮೇಲೆ ಅಂಥ ನಂಬಿಕೆ ಇರಲಿಲ್ಲ. ನಡೆಯಬೇಕು, ಉಪ್ಪು ಎಣ್ಣೆ ಕಡಿಮೆ ಮಾಡಬೇಕು, ಹೊತ್ತಿಗೆ ಮಲಗಬೇಕು. ಇದನ್ನೇ ವರ್ಷಗಟ್ಟಲೆ ಊರಿಗೆಲ್ಲ ಹೇಳಿದರು. ಗುಟ್ಕಾ ಜಗಿಯುತ್ತ ಬಂದವನನ್ನು ಬಯ್ಯುತ್ತಿರಲಿಲ್ಲ. ಪ್ರೀತಿಯಿಂದ ಕೂರಿಸಿ, ಊರು ಯಾವುದು, ಅಲ್ಲಿಗೆ ಬಸ್ಸು ಎಷ್ಟೊತ್ತಿಗೆ, ಈ ಸಲ ಭತ್ತ ಹೇಗೆ ಎಂದು ಒಂದರ ಹಿಂದೊಂದು ಕೇಳುತ್ತಿದ್ದರು. ಅವನು ಗಲ್ಲ ಉಬ್ಬಿಸಿಕೊಂಡು ಊಂ ಊಂ ಅನ್ನುತ್ತ, ತಾಳಲಾರದೆ ಹೊರಗೋಡಿ ಉಗುಳಿ ಬರುತ್ತಿದ್ದ. “ಬಂದ್ಯಾ? ಕೂಡು. ಈಗ ಹೇಳು, ನಿನಗೇನಾಗೇತಿ?”

ಹೀಗೆ ಇಡೀ ಊರನ್ನು ಬಗ್ಗಿಸಿದ ಡಾಕ್ಟರ್ ಕಾಕಾಗೆ ಬಗ್ಗದೆ ಉಳಿದವರು ನಮ್ಮ ಅಪ್ಪ. ಅಪ್ಪನಿಗೆ ಸಿಹಿಯೆಂದರೆ ಪ್ರಾಣ. ಆ ವರ್ಷ ಸುಮ್ಮಸುಮ್ಮನೆ ತೆಳ್ಳಗಾಗುತ್ತಿದ್ದರು, ಕೊಡಗಟ್ಟಲೆ ನೀರು ಕುಡಿಯುತ್ತಿದ್ದರು, ಅಂಗಾಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದರು. ಡಾಕ್ಟರ್ ಕಾಕಾ ರಸ್ತೆಯ ಆಚೆಯಿಂದಲೇ ಕೂಗುತ್ತಿದ್ದರು, “ಸಾಹುಕಾರ್ರ, ಒಮ್ಮೆ ರಕ್ತ ಕೊಡ್ರಿ, ಸಕ್ರಿ ನೋಡೂಣು!” ಅಪ್ಪ ಕೇಳಿಸದವರಂತೆ ಬಟ್ಟೆಯ ಥಾನು ಬಿಚ್ಚತೊಡಗುತ್ತಿದ್ದರು. ಅವ್ವ ಕೇಳಿದರೆ ಅವರದೇ ಒಂದು ತರ್ಕ: “ನೋಡಿದ್ರ ಇರ್ತೈತಿ. ನೋಡದಿದ್ರ ಎಲ್ಲಿಂದ ಬರ್ತೈತಿ?”

ವಾಕಿಂಗಿನ ಕಥೆ ಇನ್ನೂ ಚೆಂದ. ಅವ್ವನ ಕಾಟಕ್ಕೆ ಅಪ್ಪ ಕ್ಯಾನ್ವಾಸ್ ಬೂಟು ಕೊಂಡು, ದಿನಾ ಬೆಳಿಗ್ಗೆ ಅಂಬೇವಾಡಿಯ ಕಡೆ ಹೊರಡುತ್ತಿದ್ದರು. ವಾಪಸು ಬರುವಾಗ ಅಂಗಿಯ ಕಾಲರು ತೊಯ್ದಿರುತ್ತಿತ್ತು. ಅವ್ವ ಹೆಮ್ಮೆಯಿಂದ ಅದನ್ನು ಓಣಿಗೆಲ್ಲ ಹೇಳಿದಳು. ಒಂದು ದಿನ ನಮ್ಮ ಬಾಗಿಲಿಗೇ ಡಾಕ್ಟರ್ ಕಾಕಾ ಎದುರಾದರು. ಕಾಲರಿನ ಹತ್ತಿರ ಮೂಗು ತಂದು ಹೇಳಿದರು, “ಸಾಹುಕಾರ್ರ, ನಿಮ್ಮ ಬೆವರು ಯಾಲಕ್ಕಿ ಚಹಾದ ವಾಸನಿ ಹೊಡಿತೈತಲ್ರೀ!” ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು, ಹೊರಡುವಾಗ ಕೊರಳಿಗೆ ನೀರು ಚಿಮುಕಿಸಿಕೊಂಡು ಬರುವುದು ಅಪ್ಪನ ವಾಕಿಂಗು ಎಂದು ಅವತ್ತು ಗೊತ್ತಾಯಿತು.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮುಂಡಗೋಡದ ಹತ್ತಿರದ ಹಳ್ಳಿಯವರು, ಹೊಲ ಮನೆ ಗಟ್ಟಿಯಾಗಿದ್ದವರು. ಅವರಲ್ಲಿ ಎಲ್ಲಕ್ಕೂ ಹಿರಿಯರೆಂದರೆ ನನ್ನ ಗಂಡನ ದೊಡ್ಡಪ್ಪ. ತಲೆಗೆ ಬಿಳಿ ಪಟಗ ಸುತ್ತುವ ಮನುಷ್ಯ, ಅಷ್ಟು ಸುಲಭಕ್ಕೆ ನಗುವವರಲ್ಲ. ಅವರ ಮುಂದೆ ಊರಿನ ಮಾನ ತೋರಿಸಬೇಕೆಂದು ಅಪ್ಪ ಮದುವೆ ಊಟದ ಮೊದಲ ಪಂಕ್ತಿಯಲ್ಲಿ ದಾಂಡೇಲಿಯ ದೊಡ್ಡವರನ್ನೆಲ್ಲ ಆರಿಸಿ ಕೂರಿಸಿದರು. ನಡುವೆ ಡಾಕ್ಟರ್ ಕಾಕಾ. ಎದುರು ಸಾಲಿನಲ್ಲಿ ಬೀಗರು. ನಮ್ಮ ಸಾಲಿನವರೆಲ್ಲರೂ ಡಾಕ್ಟರ್ ಕಾಕಾನ ಪೇಶಂಟುಗಳು ಎಂಬುದು ಅಪ್ಪನ ತಲೆಗೆ ಹೊಳೆದಿರಲಿಲ್ಲ.

ಜಿಲೇಬಿ ಬಂತು. ನಮ್ಮ ಸಾಲಿನ ಮೊದಲಿನವರು ಡಾಕ್ಟರರ ಕಡೆ ಒಮ್ಮೆ ನೋಡಿ, “ಬ್ಯಾಡ್ರಿ” ಎಂದು ಎಲೆಗೆ ಕೈ ಅಡ್ಡ ಹಿಡಿದರು. ಪಕ್ಕದವರೂ “ಬ್ಯಾಡ್ರಿ”. ಬಡಿಸುವವನು ಬುಟ್ಟಿ ಹೊತ್ತು ಸಾಲಿನ ಕೊನೆಯವರೆಗೆ ನಡೆದ. ಒಂದು ಜಿಲೇಬಿಯೂ ಕೆಳಗಿಳಿಯಲಿಲ್ಲ. ಮೊನ್ನೆ ಮೊನ್ನೆ ಬೈಸಿಕೊಂಡವರು ಯಾರು ಧೈರ್ಯ ಮಾಡುತ್ತಾರೆ?

ದೊಡ್ಡಪ್ಪ ಬಾಯಿಯ ಹತ್ತಿರ ಒಯ್ದ ಜಿಲೇಬಿಯನ್ನು ಅಲ್ಲೇ ನಿಲ್ಲಿಸಿದರು. “ಏನ್ರೀ ಇದು? ನಿಮ್ಮ ಊರವ್ರು ಒಬ್ರೂ ತಿನ್ನವಲ್ರು. ಏನಾಗೇತಿ ಇದಕ್ಕ?”

ಅವರ ಸಾಲಿನಲ್ಲಿ ಯಾರೋ ಹಲ್ಲಿ ಬಿದ್ದಿರಬೇಕು ಎಂದರು. ಆ ತುದಿಯಲ್ಲಿ ಹಲ್ಲಿಯಾಗಿದ್ದದ್ದು ಈ ತುದಿ ಮುಟ್ಟುವಷ್ಟರಲ್ಲಿ ಹಾವಿನ ಮರಿಯಾಗಿತ್ತು. ಅಡಿಗೆಯವನು ಸೌಟು ಹಿಡಿದುಕೊಂಡೇ ಓಡಿ ಬಂದು ಆಣೆ ಹಾಕತೊಡಗಿದ. ದೊಡ್ಡಪ್ಪ ಎಲೆ ಬಿಟ್ಟು ಏಳಲು ಮೊಣಕಾಲಿನ ಮೇಲೆ ಕೈ ಊರಿದರು. ಹಿರಿಯರೇ ಉಣ್ಣದೆ ಎದ್ದು ಹೋದರೆ ಮುಗಿಯಿತು, ಆ ಮಾತು ಜೀವಮಾನವಿಡೀ ನನ್ನ ಬೆನ್ನಿಗಿರುತ್ತಿತ್ತು. ಬಾಗಿಲ ಸಂದಿಯಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ನಾನು ಅಪ್ಪನ ಕಡೆ ನೋಡಿದೆ. ಅಪ್ಪನಿಗೆ ನಿಜವಾಗಿಯೂ ಬೆವರು ಇಳಿಯುತ್ತಿತ್ತು. “ಏನೂ ಆಗಿಲ್ಲರೀ, ನಾನ ತಿಂತೇನಿ ನೋಡ್ರಿ” ಎನ್ನುತ್ತ ಬುಟ್ಟಿಗೆ ಕೈ ಹಾಕಿ ಎರಡು ಮೂರು ಜಿಲೇಬಿ ಒಟ್ಟಿಗೆ ಎತ್ತಿದರು.

“ಸಾಹುಕಾರ್ರ, ಕೊಡ್ರಿ ಇಲ್ಲೆ!”

ಮಂಟಪವೇ ಬೆಚ್ಚಿಬಿದ್ದಿತು. ಡಾಕ್ಟರ್ ಕಾಕಾ ಎದ್ದು ಬಂದು ಅಪ್ಪನ ಕೈಯಿಂದ ಜಿಲೇಬಿ ಕಸಿದುಕೊಂಡು, ಎಲ್ಲರೂ ನೋಡುವಂತೆ ತಿಂದರು. ರಸ ಗದ್ದಕ್ಕೆ ಇಳಿಯಿತು. “ಭಾರಿ ಆಗ್ಯಾವ! ಹಾಕೋ ಇನ್ನೊಂದು. ಬೀಗರ, ಕೂಡ್ರಿ, ನಾ ಡಾಕ್ಟರ ಅದೀನಿ, ಖಾತ್ರಿ ಕೊಡ್ತೇನಿ.”

ದೊಡ್ಡಪ್ಪ ಕೂತರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ತಲೆ ಆಡಿಸಿದರು. ಸಾಕ್ಷಾತ್ ಡಾಕ್ಟರರೇ ತಿಂದ ಮೇಲೆ ನಮ್ಮ ಊರಿನವರನ್ನು ಹಿಡಿಯುವವರು ಯಾರು? ಉಪ್ಪಿನಕಾಯಿಯ ಅಕ್ಕಾರು, ಬಿ.ಪಿ.ಯವರು, ಬೊಜ್ಜಿನವರು ಎಲ್ಲರೂ ವರ್ಷಗಳ ಉಪವಾಸವನ್ನು ಒಂದೇ ಊಟದಲ್ಲಿ ಮುರಿದರು. ಎರಡನೇ ಪಂಕ್ತಿಗೆ ಪಾಕ ಮಾತ್ರ ಉಳಿಯಿತು.

ನಗದೆ ಇದ್ದವರು ಒಬ್ಬರೇ, ಡಾಕ್ಟರ್ ಕಾಕಾನ ಹೆಂಡತಿ. ನನ್ನ ಪಕ್ಕದಲ್ಲೇ ನಿಂತಿದ್ದ ಕಾಕಿ ಅವ್ವನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದರು, “ದಿನಾ ಇನ್ಸುಲಿನ್ ಚುಚ್ಚಿಕೋತಾರ್ರೀ ಅವ್ರು... ಯಾರಿಗೂ ಹೇಳಬ್ಯಾಡ ಅಂದಾರ.”

ಸಂಜೆ ಬೀಗರನ್ನು ಕಳಿಸಿದ ಕೂಡಲೇ ಅಪ್ಪ ಅವರ ಮನೆಗೆ ಓಡಿದರು. ಡಾಕ್ಟರ್ ಕಾಕಾ ಸುಸ್ತಾಗಿ ಮಂಚದ ಮೇಲೆ ಒರಗಿದ್ದರು. ಅಲ್ಲಿ ನಡೆದ ಮಾತನ್ನು ಅಪ್ಪ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

“ಯಾಕ ತಿಂದ್ರಿ ಡಾಕ್ಟರ? ನಾ ತಿಂತಿದ್ನಲ್ಲ.”

“ನನ್ನ ಸಕ್ರಿ ಎಷ್ಟೈತಿ ಅಂತ ನನಗ ಗೊತ್ತೈತ್ರಿ. ಔಷಧ ಹೆಂಗ ತಗೋಬೇಕು ಅದೂ ಗೊತ್ತೈತಿ. ನಿಮ್ಮದು ನೀವು ಒಮ್ಮೆರ ನೋಡಗೊಟ್ಟೀರೇನು?”

ಮರುದಿನ ಅಪ್ಪ ಅಂಗಡಿ ತೆರೆಯುವ ಮೊದಲೇ ದವಾಖಾನೆಯ ಬೆಂಚಿನಲ್ಲಿ ಅಂಗಿಯ ತೋಳು ಮಡಚಿಕೊಂಡು ಕೂತಿದ್ದರು. ಸಕ್ಕರೆ ಇತ್ತು, ಕಡಿಮೆಯೇನೂ ಇರಲಿಲ್ಲ. “ಇನ್ನಷ್ಟು ತಿಂಗಳ ಬಿಟ್ಟಿದ್ರ ಕಾಲಿಗೆ ಬರ್ತಿತ್ತು” ಎಂದರಂತೆ ಡಾಕ್ಟರ್ ಕಾಕಾ, ಆ ಒಂದು ಸಲ ಮಾತ್ರ ಮೆಲ್ಲನೆಯ ದನಿಯಲ್ಲಿ.

ಅವತ್ತಿನಿಂದ ಇಬ್ಬರೂ ಬೆಳಿಗ್ಗೆ ಜೊತೆಯಾಗಿ ನಡೆಯತೊಡಗಿದರು. ತವರಿಗೆ ಬಂದಾಗಲೆಲ್ಲ ನೋಡಿದ್ದೇನೆ, ದಾರಿಯುದ್ದಕ್ಕೂ ಜಗಳ. ಚಹಾಕ್ಕೆ ಅರ್ಧ ಚಮಚ ಸಕ್ಕರೆ ನಡೆಯುತ್ತದೋ ಇಲ್ಲವೋ ಎಂಬ ವಾದ ವರ್ಷಗಟ್ಟಲೆ ನಡೆಯಿತು, ತೀರ್ಮಾನವಾಗಲಿಲ್ಲ... ಆಮೇಲೆ ಡಾಕ್ಟರ್ ಕಾಕಾನ ಮೂತ್ರಪಿಂಡ ಕೈಕೊಟ್ಟವು. ಕೊನೆಯ ದಿನಗಳಲ್ಲೂ ನೋಡಲು ಬಂದವರ ಹೊಟ್ಟೆಯ ಮೇಲೆ ಕಣ್ಣಾಡಿಸಿ, ತಿಂದದ್ದರ ಲೆಕ್ಕ ಕೇಳುತ್ತಿದ್ದರಂತೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ದವಾಖಾನೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಮೊನ್ನೆ ದಾಂಡೇಲಿಗೆ ಹೋದಾಗ ಅಪ್ಪನ ಜೊತೆ ನಾನೂ ಬೆಳಿಗ್ಗೆ ಹೊರಟೆ. ವಯಸ್ಸಾಗಿದೆ, ಆದರೂ ನಡಿಗೆ ಚುರುಕು. ರಸ್ತೆ ಖಾಲಿ ಇತ್ತು. ಅಪ್ಪ ಮಾತ್ರ ಚರಂಡಿಯ ಅಂಚಿಗೇ ಅಂಟಿಕೊಂಡು, ನನಗೂ ಅವರಿಗೂ ನಡುವೆ ಇನ್ನೊಬ್ಬರಿಗಾಗುವಷ್ಟು ಜಾಗ ಬಿಟ್ಟು ನಡೆಯುತ್ತಿದ್ದರು.

“ಅಪ್ಪಾ, ಸ್ವಲ್ಪ ಈ ಕಡೆ ಬರ್ರಿ, ಬೀಳ್ತೀರಿ” ಎಂದೆ.

“ಇರಲಿ ಬಿಡವಾ. ಗಾಡಿ ಬರ್ತಾವ” ಎಂದರು.

ಆ ಹೊತ್ತಿಗೆ ಆ ರಸ್ತೆಯಲ್ಲಿ ಯಾವ ಗಾಡಿಯೂ ಬರುವುದಿಲ್ಲ.