ಎಳ್ಳಮಾವಾಸ್ಯೆಗೆ ಕಾದ ಬೆಂಕಿ ರೇಖೆ

ಬೀದರಿನಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಮಾರ್ಚ್ ಇನ್ನೂ ಅರ್ಧ ಮುಗಿದಿರಲಿಲ್ಲ, ಆಗಲೇ ಕಿಟಕಿಯ ಸರಳು ಬೆಚ್ಚಗಿತ್ತು. ಇಪ್ಪತ್ತೆರಡು ವರ್ಷದಿಂದ ಕಾಡಿನ ಬೆಂಕಿ ಕಾಯುವ ವಾಚರ್ ನಾನು. ಔರಾದ್ ಕಡೆಗೆ ಡ್ಯೂಟಿಯ ಮೇಲೆ ಎಷ್ಟೋ ಸಲ ಹೋಗಿದ್ದೇನೆ. ಈ ಸಲ ರಜೆ ಹಾಕಿದ್ದೆ. ಅಲ್ಲಿನ ಹುಲ್ಲುಗಾವಲಲ್ಲಿ ಕುರಿ ಮೇಯಿಸುವ ಬೀರಪ್ಪ ಕಾಕಾನಿಗೆ ಮುಖ ತೋರಿಸಬೇಕಿತ್ತು. ಮೂರು ತಿಂಗಳಿಂದ ಆ ಧೈರ್ಯ ಬಂದಿರಲಿಲ್ಲ.

ಭಾಲ್ಕಿಗೆ ಸುಮಾರು ಒಂದು ಗಂಟೆ. ನಿಲ್ದಾಣದೆದುರು ಮಂಡಕ್ಕಿ ಸುಸಲಾ ತಿಂದು, ಚಹಾ ಕುಡಿದು ಔರಾದ್ ಬಸ್ಸು ಹಿಡಿದೆ. ಪಕ್ಕದಲ್ಲಿ ಭಾತಂಬ್ರಾದ ರೈತರೊಬ್ಬರು ಕೂತರು. ಹೊರಗೆ ಹೊಲದ ಬದುಗಳು ಕರ್ರಗೆ ಸುಟ್ಟುಹೋಗಿದ್ದವು. ನಾನು ನೋಡುವುದನ್ನು ಕಂಡು, "ನಾವೂ ಹಂಗೇ ಮಾಡಿದ್ವಿರಿ. ತೊಗರಿ ಕಟ್ಟಿಗಿ ಉಳದಿತ್ತು, ಕಡ್ಡಿ ಗೀರಿದ್ವಿ, ಹೊಲ ಹಸನಾತು" ಎಂದರು. ಬೇರೆ ದಿನವಾಗಿದ್ದರೆ ಠಾಣಾ ಕುಶನೂರು ಬರುವವರೆಗೆ ಹೀಗೆ ಸುಡಬೇಡಿ ಎಂದು ಅವರ ತಲೆ ತಿನ್ನುತ್ತಿದ್ದೆ. ಅಂದು ಯಾವ ಬಾಯಿಂದ ಹೇಳಲಿ?

ಹುಲ್ಲಿಗೆ ಬಿದ್ದ ಬೆಂಕಿ ಹರಡದಿರಲಿ ಎಂದು ಮೊದಲೇ ಅಗಲವಾದ ಪಟ್ಟಿಯೊಂದನ್ನು ಸುಟ್ಟು ಬೋಳು ಮಾಡಿಡುತ್ತೇವೆ. ಅದೇ ಬೆಂಕಿ ರೇಖೆ. ಚಳಿಗಾಲದ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕಾಳು-ತರಕಾರಿಯ ಭಜ್ಜಿ ಉಂಡು, ಮರುದಿನ ಇಬ್ಬನಿ ಆರುವ ಮುಂಚೆ ಈ ಕೆಲಸ ಹಿಡಿಯುವುದು ನಮ್ಮ ರೂಢಿ. ಆಗೆಲ್ಲ ಬೆಂಕಿಯ ಕಾಟ ಹೋಳಿಯ ಹೊತ್ತಿಗೆ ಶುರುವಾಗಿ, ಯುಗಾದಿ ಕಳೆದು ಒಂದೆರಡು ಮಳೆ ಬಿದ್ದರೆ ಮುಗಿಯುತ್ತಿತ್ತು. ಈಗ ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೇ ಹುಲ್ಲು ಗರಿಗರಿ. ಜೂನಿನ ಮಿರಗದ ಮಳೆ ಬರುವವರೆಗೂ ಹಸಿ ಟೊಂಗೆ ಹಿಡಿದು ಬೆಂಕಿ ಬಡಿಯುವುದೇ ಆಗಿದೆ.

ಕಾಕಾ ಇದನ್ನು ನನಗಿಂತ ಮೊದಲು ಕಂಡಿದ್ದರು. ಅಮಾವಾಸ್ಯೆಗೆ ಇಪ್ಪತ್ತು ದಿನ ಇರುವಾಗಲೇ ನನ್ನನ್ನು ಹುಡುಕಿಕೊಂಡು ಬಂದು, "ಹುಲ್ಲು ಒಣಗ್ಯಾದರಿ, ಈಗೇ ರೇಖೆ ಸುಡ್ರಿ" ಎಂದಿದ್ದರು. "ಅಮಾಸಿ ಆಗ್ಲಿ ಕಾಕಾ" ಎಂದು ನಕ್ಕು ಕಳಿಸಿದ್ದೆ. ವಾರದೊಳಗೆ ಬೆಂಕಿ ಬಂತು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು. ಹಾಲು ಕುಡಿಯುವ ಮರಿಗಳು ಹಟ್ಟಿಯಲ್ಲಿ ಬುಟ್ಟಿಗಳ ಕೆಳಗಿದ್ದವು. ನಾವು ಮುಟ್ಟುವ ಹೊತ್ತಿಗೆ ಬುಟ್ಟಿಗಳೂ ಇರಲಿಲ್ಲ.

ಔರಾದಿನಲ್ಲಿ ಇಳಿದು ಅರ್ಧ ಗಂಟೆ ಬಿಸಿಲಲ್ಲಿ ನಡೆದೆ. ಕಾಕಾ ಕುಕ್ಕರಗಾಲಲ್ಲಿ ಕೂತು, ಖುರ್ಪಿಯಿಂದ ಹಟ್ಟಿಯ ಸುತ್ತಲಿನ ಹುಲ್ಲು ಕೆತ್ತುತ್ತಿದ್ದರು. ಒಂದು ಮಾರು ಅಗಲದ ನೆಲ ಆಗಲೇ ಬೋಳಾಗಿತ್ತು.

"ಬರ್ರಿ ಗಾರ್ಡ್ ಸಾಹೇಬ್ರ" ಎಂದರು. ನಾನು ಗಾರ್ಡ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು ಸಾಹೇಬನೇ. ನೆರಳಿಗೆ ಕರೆದು ಮಜ್ಜಿಗೆ ಕೊಟ್ಟರು. ಕುಡಿಯದೆ ಲೋಟ ಕೆಳಗಿಟ್ಟೆ.

"ತಪ್ಪು ನಂದದ ಕಾಕಾ" ಎಂದೆ.

"ಮಿರಗಕ್ಕ ಇನ್ನಾ ಮೂರು ತಿಂಗಳದರಿ" ಎಂದಷ್ಟೇ ಹೇಳಿ ಆಕಾಶ ನೋಡಿದರು.

ಹೊರಡುವಾಗ, "ಈ ವರ್ಷ ಅಮಾಸಿ ನೋಡಂಗಿಲ್ಲ. ನೀವು ಕರದಾಗ ಬರ್ತೇನಿ" ಎಂದೆ.

"ಹ್ವಾದ ಸಲಾನೂ ಕರದಿದ್ನಲ್ರಿ" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವರು ಕೆತ್ತಿದ ಪಟ್ಟಿ ದಾಟಿ ರಸ್ತೆಗೆ ಬಂದೆ. ತಿರುಗಿ ನೋಡಿದಾಗ ಕಾಕಾ ಮತ್ತೆ ಖುರ್ಪಿ ಹಿಡಿದು ಅದನ್ನು ಇನ್ನಷ್ಟು ಅಗಲ ಮಾಡುತ್ತಿದ್ದರು.