ಸುಮ್ಮನೆ ಕೂರುವ ಪ್ರಾಯಶ್ಚಿತ್ತ

ಪಾಪನಿವೇದನೆ ಮಾಡುತ್ತಾ ಮಾಡುತ್ತಾ ನಿದ್ದೆ ಹೋದ ಮೊದಲ ಕ್ರೈಸ್ತ ಹೆಂಗಸು ನನ್ನ ಅಮ್ಮ. ಸಾಗರ ತಾಲ್ಲೂಕಿಗೆ ಮೊದಲು ಎಂದಷ್ಟೇ ಬರೆಯೋಣವೆಂದುಕೊಂಡಿದ್ದೆ. ಆದರೆ ಬರೆಯುತ್ತಿರುವುದು ನಾನು. ಲೋಕಕ್ಕೇ ಮೊದಲು ಎಂದು ಬರೆಯದಿದ್ದರೆ ಪೆನ್ನು ಹಿಡಿದು ಏನು ಪ್ರಯೋಜನ.

ಅದು ತಪಸ್ಸು ಕಾಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನಗಳಲ್ಲಿ ನಮ್ಮ ಚರ್ಚಿನ ಪಾಪನಿವೇದನೆಯ ಮರದ ಗೂಡಿನ ಮುಂದೆ ರೇಷನ್ ಅಂಗಡಿಯಷ್ಟು ಉದ್ದದ ಸಾಲಿರುತ್ತದೆ. ಗೂಡಿನೊಳಗೆ ಫಾದರ್, ಜಾಳಿಗೆಯ ಈಚೆ ಮೊಣಕಾಲೂರಿದ ಅಮ್ಮ. ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ ಸಾಕು. ಅಮ್ಮ ಇಪ್ಪತ್ತು ನಿಮಿಷವಾದರೂ ಏಳಲಿಲ್ಲ. ಸಾಲಿನಲ್ಲಿದ್ದವರೆಲ್ಲ ಇವಳಿಗೆ ಎಷ್ಟು ಪಾಪವಿರಬಹುದೆಂದು ಒಳಗೊಳಗೇ ಲೆಕ್ಕ ಹಾಕತೊಡಗಿದರು. ನನ್ನ ಹಿಂದೆ ನಿಂತಿದ್ದ ಆಂಟಿಗೆ ತಡೆಯಲಾಗಲಿಲ್ಲ.

"ನಿಮ್ಮಮ್ಮ ಅಷ್ಟೆಲ್ಲ ಎಂತ ಮಾಡಿದ್ಲೇ?"

"ಬ್ಲೌಸ್ ಲೇಟಾಗಿ ಕೊಟ್ಟಿದ್ದಿರ್ಬೇಕು ಆಂಟಿ. ಒಂದೊಂದಾಗಿ ಹೇಳ್ತಿದಾಳೆ."

"ಹಂಗಾದ್ರೆ ಇವತ್ತು ಮುಗಿಯಲ್ಲ ಬಿಡು. ನಂದೇ ಮೂರಿದೆ."

ಗೂಡಿನೊಳಗೆ ನಡೆದದ್ದು ಫಾದರ್ ಬಾಯಿಂದ ಯಾವತ್ತೂ ಹೊರಗೆ ಬರುವಂತಿಲ್ಲ. ಅಮ್ಮನ ಬಾಯಿಗೆ ಅಂಥ ನಿಯಮವಿಲ್ಲ. ಮನೆಗೆ ಬಂದು ಚಹಾ ಕುಡಿಯುವಾಗ ಅವಳೇ ಹೇಳಿದಳು: ಎರಡನೇ ಪಾಪ ಹೇಳಿ ಮೂರನೆಯದನ್ನು ನೆನಪು ಮಾಡಿಕೊಳ್ಳಲು ಹಣೆಯನ್ನು ಜಾಳಿಗೆಗೆ ಒರಗಿಸಿದ್ದಷ್ಟೇ ಗೊತ್ತು, ಆಮೇಲೆ ಕೇಳಿಸಿದ್ದು ಫಾದರ್ ಕೆಮ್ಮು. ಪಾಪ ಹೇಳಿಕೊಂಡವರಿಗೆ ಪ್ರಾಯಶ್ಚಿತ್ತವಾಗಿ ಸಾಧಾರಣ ಹತ್ತು ಜಪ, ಹೆಚ್ಚೆಂದರೆ ಇಡೀ ಮಣಿಮಾಲೆ ಎಣಿಸುವ ಒಂದು ಜಪಸರ. ಅಮ್ಮನಿಗೆ ಸಿಕ್ಕಿದ್ದೇ ಬೇರೆ.

"ಎರಡು ದಿನ ಏಕಾಂತ ಧ್ಯಾನಕ್ಕೆ ಹೋಗ್ಬೇಕಂತೆ. ಸೂಜಿ ಮುಟ್ಟಂಗಿಲ್ಲ. ದೇವರ ಮುಂದೆ ಸುಮ್ನೆ ಕೂರ್ಬೇಕಂತೆ," ಎಂದಳು, ಎರಡು ವರ್ಷ ಜೈಲು ಎಂಬ ಧಾಟಿಯಲ್ಲಿ. "ಅದ್ರ ಬದ್ಲು ನೂರು ಜಪಸರ ಕೊಡಿ ಫಾದರ್ ಅಂದೆ. ಒಪ್ಲೇ ಇಲ್ಲ."

ಅಮ್ಮ ಟೈಲರ್. ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಅಂಗಡಿ. ಸಾಗರದ ಅರ್ಧ ಊರು ಅವಳ ಅಳತೆಯಲ್ಲಿ ಉಸಿರಾಡುತ್ತದೆ. ಇದರ ಮೇಲೆ ಚರ್ಚಿನ ಪರದೆ, ಬಲಿಪೀಠದ ಬಟ್ಟೆ, ಕ್ರಿಸ್‌ಮಸ್ ನಾಟಕದ ದೇವದೂತರ ರೆಕ್ಕೆ, ಈಸ್ಟರ್ ಕಳೆದ ಮೇಲೆ, ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದವನ್ನು ಮೊದಲ ಸಲ ತೆಗೆದುಕೊಳ್ಳುವ ಮಕ್ಕಳ ಬಿಳಿ ಫ್ರಾಕು. ಹೋದ ವರ್ಷ ಅಜ್ಜಿ, ಅಂದರೆ ಅಮ್ಮನ ಅಮ್ಮ, ತೀರಿಕೊಂಡಾಗ ಮೂರನೇ ದಿನಕ್ಕೇ ಮಷೀನಿಗೆ ಕೂತಳು, ಮದುಮಗಳ ಗೌನ್ ಕೊಡಬೇಕಿತ್ತು. ಹಾಗೆ ಕೂತವಳು ಮತ್ತೆ ಸರಿಯಾಗಿ ಎದ್ದದ್ದನ್ನು ನಾನು ನೋಡಿಲ್ಲ.

ಪ್ರಾಯಶ್ಚಿತ್ತ ಮುಗಿಯುವವರೆಗೆ ಪಾಪನಿವೇದನೆ ಮುಗಿದಂತಲ್ಲ, ಅದು ಮುಗಿಯದೆ ಈಸ್ಟರ್ ದಿನ ಪರಮಪ್ರಸಾದಕ್ಕೆ ಹೋಗುವಂತಿಲ್ಲ ಎಂಬುದು ಅಮ್ಮನ ಶಾಸ್ತ್ರ. ಫಾದರನ್ನು ಕೇಳಿದ್ದರೆ ಇಷ್ಟು ಬಿಗಿಯಿಲ್ಲ ಎನ್ನುತ್ತಿದ್ದರೇನೋ. ಆದರೆ ಅಮ್ಮ ಕೇಳುವವಳಲ್ಲ. ಈಸ್ಟರ್‌ಗೆ ಉಳಿದಿದ್ದದ್ದು ಹತ್ತೇ ದಿನ.

ಪಪ್ಪ ನನ್ನನ್ನು ಕರೆದರು. "ಜೊತೆಗೆ ನೀನು ಹೋಗು. ಒಬ್ಳೇ ಹೋದ್ರೆ ಅಲ್ಲಿ ಕಿಟಕಿಗೆಲ್ಲ ಕರ್ಟನ್ ಹೊಲ್ದಿಟ್ಟು ಬರ್ತಾಳೆ."

"ನಂಗೆ ಶನಿವಾರ ಪ್ರಾಕ್ಟೀಸ್ ಇದೆ ಪಪ್ಪ."

"ಮಧ್ಯಾಹ್ನದ ಬಸ್ಸಿಗೆ ಬಂದ್ರೆ ಸಂಜೆಗೆ ಸಿಕ್ತದೆ."

ಪ್ರಾಕ್ಟೀಸ್ ಸಣ್ಣ ವಿಷಯವಲ್ಲ. ಈಸ್ಟರ್‌ಗೆ ಒಂದು ವಾರ ಮುಂಚೆ, ಎಲ್ಲರೂ ತೆಂಗಿನ ಗರಿ ಹಿಡಿಯುವ ಗರಿಗಳ ಭಾನುವಾರದ ಪೂಜೆಯಲ್ಲಿ ಒಂದು ಹಾಡನ್ನು ನಾನೊಬ್ಬಳೇ ಹಾಡುವುದೆಂದು ನಿಗದಿಯಾಗಿತ್ತು. ಶನಿವಾರ ತಪ್ಪಿಸಿದವರಿಗೆ ಭಾನುವಾರ ಮೈಕಿಲ್ಲ ಎಂದು ಚರ್ಚಿನ ಹಾಡಿನ ತಂಡ ನೋಡಿಕೊಳ್ಳುವ ಕಾಯರ್ ಸರ್ ಮೊದಲೇ ಹೇಳಿದ್ದರು. ನನಗೇನಾದರೂ ನೆಗಡಿಯಾಗಲಿ ಎಂದು ತಿಂಗಳಿಂದ ಪ್ರಾರ್ಥಿಸುತ್ತಿದ್ದ ಇನ್ನೊಬ್ಬ ಹುಡುಗಿಯೂ ಇದ್ದಳು. ಆದರೂ ಒಪ್ಪಿದೆ. ಫಸ್ಟ್ ಪಿಯು ಪರೀಕ್ಷೆ ಮುಗಿದಿತ್ತು, ಮನೆಯಲ್ಲಿದ್ದರೆ ಗುಂಡಿ ಹೊಲಿಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಗುರುವಾರ ಹೊರಟೆವು. ಸಾಗರದಿಂದ ಹೊಸನಗರ, ಅಲ್ಲಿ ಇಳಿದು ತೀರ್ಥಹಳ್ಳಿ ಬಸ್ಸು. ದಾರಿಯಲ್ಲಿ ಎಷ್ಟು ತಿರುವು ಎಂದರೆ ನಾವು ಕೂತಿದ್ದ ಬಸ್ಸಿನ ಹಿಂಭಾಗವನ್ನು ಕಿಟಕಿಯಿಂದ ನಾನೇ ಎರಡು ಸಲ ನೋಡಿದೆ. ಹೊಸನಗರ ಮುಟ್ಟುವುದರೊಳಗೆ ಅಮ್ಮ ಮುಂದಿನ ಸೀಟಿನ ಹೆಂಗಸಿನ ಬ್ಲೌಸಿಗೆ ಹುಕ್ಕು ಹಾಕಿ ಮುಗಿಸಿದ್ದಳು.

"ಶುರುವಾಯ್ತಲ್ಲ," ಎಂದೆ.

"ಪ್ರಾಯಶ್ಚಿತ್ತ ಗೇಟಿಂದ ಒಳಗೆ. ಇದು ಬಸ್ಸು."

ಧ್ಯಾನಮಂದಿರ ತೀರ್ಥಹಳ್ಳಿಗೆ ಇನ್ನೂ ಅರ್ಧ ಗಂಟೆ ಇರುವಲ್ಲಿ, ರಸ್ತೆ ಬದಿಯಲ್ಲೇ ಇತ್ತು. ಹಳೇ ಶಾಲೆಯಂಥ ಉದ್ದನೆಯ ಕಟ್ಟಡ, ಸಾಲಾಗಿ ಕೋಣೆಗಳು, ತುದಿಯಲ್ಲಿ ಸಣ್ಣ ಪ್ರಾರ್ಥನಾಲಯ. ನೋಡಿಕೊಳ್ಳುವ ಸಿಸ್ಟರಿಗೆ ಎಪ್ಪತ್ತು ದಾಟಿರಬೇಕು. ನನ್ನ ಫೋನನ್ನೂ ಅಮ್ಮನ ಫೋನನ್ನೂ ಬಿಸ್ಕೆಟ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ನನ್ನ ಜೀವ ಅದರೊಳಗೇ ಉಳಿಯಿತು. ಆಮೇಲೆ ಅಮ್ಮನ ಬ್ಯಾಗಿನಿಂದ ಅಳತೆ ಟೇಪು, ಕತ್ತರಿ, ನಾಲ್ಕು ಬಣ್ಣದ ನೂಲಿನುಂಡೆ ಹೊರಗೆ ಬಂದವು.

"ಇದೆಲ್ಲ ಎಂತಕ್ಕೆ?"

"ಅಭ್ಯಾಸ ಸಿಸ್ಟರ್," ಎಂದ ಅಮ್ಮ ಮೆಲ್ಲಗೆ ಕೇಳಿದಳು, "ಇಲ್ಲಿ ನಾವು ಎಂತ ಮಾಡ್ಬೇಕು?"

"ಎಂತದೂ ಇಲ್ಲ."

"ಬೆಳಿಗ್ಗೆ?"

"ಪ್ರಾರ್ಥನೆ. ಆಮೇಲೆ ಎಂತದೂ ಇಲ್ಲ."

"ಮಧ್ಯಾಹ್ನ?"

"ಊಟ. ಆಮೇಲೆ ಎಂತದೂ ಇಲ್ಲ. ದಿನಕ್ಕೊಂದು ಅರ್ಧ ಗಂಟೆ ನನ್ನ ಹತ್ರ ಮಾತಾಡ್ಬಹುದು. ಉಳಿದ ಹೊತ್ತು ಮೌನ."

ಕೊನೆಯ ಮಾತನ್ನು ನನ್ನನ್ನೇ ನೋಡಿ ಹೇಳಿದರು. ಹುಟ್ಟಿದ ಮೇಲೆ ನಾನು ಮಾತಾಡದೆ ಇದ್ದ ಅತಿ ದೀರ್ಘ ಅವಧಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಅದೂ ಬಾಯಿ ತೆರೆದೇ. ಊಟದಲ್ಲಿ ಉಪ್ಪಿನಕಾಯಿ ಬೇಕೆಂದು ತೋರಿಸಲು ಹುಳಿ ತಿಂದವಳಂತೆ ಮುಖ ಹಿಂಡಿದೆ. ಸಿಸ್ಟರ್ ಗಾಬರಿಯಾಗಿ ಒಳಗೆ ಹೋಗಿ ಹೊಟ್ಟೆನೋವಿಗೆಂದು ಓಮದ ನೀರು ತಂದರು. ಮೌನವಲ್ಲವೇ, ಬೇಡವೆನ್ನಲಾಗದೆ ಪೂರ್ತಿ ಕುಡಿದೆ.

ಶುಕ್ರವಾರ ಬೆಳಿಗ್ಗೆ ಅಮ್ಮ ಪ್ರಾರ್ಥನಾಲಯದಲ್ಲಿ ಕೂತಳು. ಕಣ್ಣು ಮುಚ್ಚಿತ್ತು, ಕೈ ಮುಗಿದಿತ್ತು, ಬಲಗಾಲು ಮಾತ್ರ ನೆಲದ ಮೇಲೆ ಮಷೀನು ತುಳಿಯುತ್ತಿತ್ತು. ಅವಳ ತುಳಿತಕ್ಕೆ ಹೊಲಿಗೆ ಬೀಳುವಂತಿದ್ದರೆ ಮಧ್ಯಾಹ್ನದೊಳಗೆ ಎರಡು ಫ್ರಾಕು ತಯಾರು. ಆಗಾಗ ಒಂದು ಕಣ್ಣು ತೆರೆದು ಬಲಿಪೀಠ ನೋಡುತ್ತಿದ್ದಳು. ಎಂಥ ಭಕ್ತಿ ಎಂದುಕೊಂಡೆ. ನನ್ನ ದಡ್ಡತನ. ಅವಳು ನೋಡುತ್ತಿದ್ದದ್ದು ಬಲಿಪೀಠದ ಬಟ್ಟೆಯ ಅಂಚಿನಲ್ಲಿ ಕಿತ್ತು ಜೋತಿದ್ದ ಲೇಸು.

ಊಟವಾದ ಮೇಲೆ ಅಮ್ಮ ಕೋಣೆಯಲ್ಲಿರಲಿಲ್ಲ. ಹುಡುಕಿದರೆ ಬಲಿಪೀಠದ ಹಿಂದೆ ನೆಲದ ಮೇಲೆ ಕೂತಿದ್ದಾಳೆ, ಬಟ್ಟೆಯ ಅಂಚು ತೊಡೆಯ ಮೇಲೆ. ರವಿಕೆಯ ಒಳಮಡಿಕೆಯಲ್ಲಿ ಒಂದು ಸೂಜಿ ಉಳಿದಿತ್ತಂತೆ. ನೂಲನ್ನು ತನ್ನ ಸೀರೆಯಿಂದಲೇ ಎಳೆದುಕೊಂಡಿದ್ದಳು.

"ಅಮ್ಮ, ಎಂತ ಮಾಡ್ತಿದೀಯ?"

"ಶ್. ಮೌನ."

"ಸೂಜಿ ಮುಟ್ಬಾರ್ದು ಅಂದಿದಾರೆ."

"ಇದು ದೇವರ ಬಟ್ಟೆ ಕಣೇ, ಲೆಕ್ಕಕ್ಕೆ ಬರಲ್ಲ." ಹಲ್ಲಿನಿಂದ ನೂಲು ಕಡಿದು, "ಯಾರಿಗೂ ಹೇಳ್ಬೇಡ. ನೀನು ಕೇಳಿದ್ಯಲ್ಲ ಆ ಕಾಲರಿಂದು ಟಾಪು, ಈಸ್ಟರಿಗೆ ಹೊಲ್ದು ಕೊಡ್ತೀನಿ," ಎಂದಳು.

ಧರ್ಮ ದೊಡ್ಡದೋ ಟಾಪು ದೊಡ್ಡದೋ ಎಂದು ತುಂಬಾ ಹೊತ್ತು ಯೋಚಿಸಿದೆ, ಹತ್ತಿರ ಹತ್ತಿರ ನಾಲ್ಕು ಸೆಕೆಂಡು. ನಂತರ ಬಾಗಿಲಲ್ಲಿ ಕಾವಲು ನಿಂತೆ. ನನ್ನನ್ನು ದಾಟಿ ಇಲಿಯೂ ಒಳಗೆ ಹೋಗುವಂತಿರಲಿಲ್ಲ. ಸಿಸ್ಟರ್ ಹಿಂದಿನ ಬಾಗಿಲಿಂದ ಬಂದರು.

ಬಯ್ಯುತ್ತಾರೆಂದುಕೊಂಡೆ. ಅವರು ಕಷ್ಟಪಟ್ಟು ಬಗ್ಗಿ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಚೆಂದ ಹೊಲಿತೀರಿ. ಸುಮ್ನೆ ಕೂತ್ರೆ ಎಂತ ಆಗ್ತದೆ ನಿಮಗೆ?"

ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ನಮ್ಮಮ್ಮ ನೆನಪಾಗ್ತಾಳೆ ಸಿಸ್ಟರ್."

"ಆಗ್ಲಿ."

"ಅಳು ಬರ್ತದೆ."

"ಬರ್ಲಿ. ಅದಕ್ಕೇ ಇಲ್ಲಿ ಯಾರೂ ಮಾತಾಡಲ್ಲ."

ಸಿಸ್ಟರ್ ಕೈಚಾಚಿದರು. ಅಮ್ಮ ಸೂಜಿ ಕೊಟ್ಟಳು. ಲೇಸು ಅರ್ಧ ಹಾಗೇ ಜೋತುಬಿದ್ದಿತ್ತು. ಸಿಸ್ಟರ್ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು, "ಕಾವಲು ಸಾಕು. ನೀನೂ ಕೂತ್ಕ," ಎಂದು ಮೆಟ್ಟಿಲು ತೋರಿಸಿದರು. ಅಲ್ಲಿ ಕೂತಾಗ ಒಳಗಿಂದ ಅಮ್ಮ ಅಳುವುದು ಕೇಳಿಸಿತು. ಈವರೆಗೆ ಬರೆದದ್ದರಲ್ಲಿ ನೀವು ಕಾಲುಭಾಗ ಕಳೆದು ಓದಬಹುದು. ಇದರಲ್ಲಿ ಕಳೆಯುವಂಥದ್ದೇನೂ ಇಲ್ಲ. ಅಜ್ಜಿ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಸಂಜೆ ಊದಿದ ಮುಖ ಹೊತ್ತು ಹೊರಗೆ ಬಂದು ಎರಡು ತಟ್ಟೆ ಗಂಜಿ ಉಂಡಳು.

ಶನಿವಾರ ಬೆಳಿಗ್ಗೆ ಮಾತಿನ ಅರ್ಧ ಗಂಟೆಯಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ನಿನ್ನೆ ಹೊಲಿದ್ನಲ್ಲ ಸಿಸ್ಟರ್, ಪ್ರಾಯಶ್ಚಿತ್ತ ಕೆಟ್ಟೋಯ್ತಾ?"

"ನಾನು ಫಾದರಲ್ಲ. ನನ್ನ ಕೇಳಿದ್ರೆ, ಸೂಜಿ ಕೈ ಬಿಟ್ಟ ಹೊತ್ತಿಂದ ಎರಡು ದಿನ ಎಣಿಸಿ."

ಸೂಜಿ ಕೈ ಬಿಟ್ಟದ್ದು ಶುಕ್ರವಾರ ಮೂರು ಗಂಟೆಗೆ. ಅಂದರೆ ಭಾನುವಾರ ಮೂರರವರೆಗೆ ಇರಬೇಕು. ಅಮ್ಮ ನನ್ನ ಕಡೆ ನೋಡಿದಳು.

"ಆಗಲ್ಲ ಸಿಸ್ಟರ್. ನಾಳೆ ಮಗಳ ಹಾಡಿದೆ. ಮುಂದಿನ ವಾರ ಹಬ್ಬದ ಬಟ್ಟೆ ಕೊಡೋದಿದೆ. ಉಳಿದಿದ್ದು ಹಬ್ಬ ಕಳೆದ್ಮೇಲೆ ಯಾವಾಗಾದ್ರೂ ಮುಗಿಸ್ತೀನಿ."

"ಈಸ್ಟರ್?" ಎಂದೆ ನಾನು.

"ಒಂದು ವರ್ಷ ಪ್ರಸಾದ ತಗೊಳ್ದಿದ್ರೆ ದೇವರು ಎಂತ ಅಂದ್ಕೊಳ್ಳಲ್ಲ," ಎಂದಳು. ಹೇಳುವಾಗ ಅವಳ ದನಿ ಇಷ್ಟೇ ಇಷ್ಟಾಗಿತ್ತು.

ಊಟವಾದ ಮೇಲೆ ಬ್ಯಾಗು ಕಟ್ಟಿಕೊಂಡು ಗೇಟಿನ ಹತ್ತಿರ ಹಲಸಿನ ಮರದಡಿಯ ಕಲ್ಲುಬೆಂಚಿನಲ್ಲಿ ಬಸ್ಸಿಗೆ ಕಾದೆವು. ಐದು ನಿಮಿಷದಲ್ಲಿ ಅಮ್ಮ ಬ್ಯಾಗಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಕಾಲು ಅಲ್ಲಾಡುತ್ತಿರಲಿಲ್ಲ. ಎಷ್ಟೋ ಕಾಲದಿಂದ ನಾನು ಅವಳ ಮುಖವನ್ನು ಕನ್ನಡಕವಿಲ್ಲದೆ, ಬಾಯಲ್ಲಿ ಗುಂಡುಸೂಜಿಯಿಲ್ಲದೆ ನೋಡಿರಲಿಲ್ಲವೆಂದು ಆಗ ಗೊತ್ತಾಯಿತು.

ಯಾವತ್ತೂ ತಡವಾಗಿ ಬರುವ ಬಸ್ಸು ಅವತ್ತು ಸರಿಯಾದ ಹೊತ್ತಿಗೇ ಬಂತು. ಕಂಡಕ್ಟರ್ ತಲೆ ಹೊರಗೆ ಹಾಕಿದ.

"ಹತ್ತು ಮಾರಾಯ್ತಿ. ಅಮ್ಮನ್ನ ಎಬ್ಸು."

ಎಬ್ಬಿಸಲು ಕೈಯೆತ್ತಿದೆ. ಆ ಹಾಡಿನ ಮೇಲಿನ ಸ್ಥಾಯಿಯನ್ನು ಊರಲ್ಲಿ ನನ್ನ ಬಿಟ್ಟರೆ ಮುಟ್ಟುವವರಿಲ್ಲ, ಇದನ್ನಂತೂ ನಾನು ಹಿಗ್ಗಿಸಿ ಹೇಳುತ್ತಿಲ್ಲ. ಎತ್ತಿದ ಕೈಯನ್ನು ಹಾಗೇ ಕಂಡಕ್ಟರ್ ಕಡೆಗೆ ಬೀಸಿದೆ.

"ನಾವು ಬರಲ್ಲ ಅಣ್ಣ. ಹಾರ್ನ್ ಹಾಕ್ದೆ ಹೋಗಿ."

"ನಾಳೆ ಬೆಳಿಗ್ಗೆ ತನಕ ಬಸ್ಸಿಲ್ಲ ನೋಡು."

"ಗೊತ್ತು. ಮೆಲ್ಲ ಮಾತಾಡಿ."

ಮಲೆನಾಡಿನ ಇತಿಹಾಸದಲ್ಲಿ ಹಾರ್ನ್ ಹಾಕದೆ ಹೊರಟ ಮೊದಲ ಪ್ರೈವೇಟ್ ಬಸ್ಸು ಅದು. ಬಸ್ಸು ಬಂದ ಮೇಲೆ ಫೋನು ಕೊಡುವುದೆಂದು ಬಿಸ್ಕೆಟ್ ಡಬ್ಬಿ ಹಿಡಿದು ಗೇಟಿಗೆ ಬಂದಿದ್ದ ಸಿಸ್ಟರ್, ನಾನು ಕೇಳದೆಯೇ ಮುಚ್ಚಳ ತೆರೆದುಕೊಟ್ಟರು. ಪಪ್ಪನಿಗೆ ಹೇಳಿದೆ, ಆಮೇಲೆ ಕಾಯರ್ ಸರ್‌ಗೆ.

"ಹುಷಾರಿಲ್ವೇನೇ?"

"ಅಮ್ಮ ಮಲ್ಗಿದಾಳೆ ಸರ್."

"ಎಬ್ಸು ಮತ್ತೆ."

"ಆಗಲ್ಲ ಸರ್. ಆ ಹುಡುಗಿ ಹಾಡ್ಲಿ. ಎರಡನೇ ಚರಣದಲ್ಲಿ ಉಸಿರು ಹಿಡೀಬೇಕು ಅಂತ ಹೇಳಿ."

ಅಮ್ಮ ಎದ್ದಾಗ ಐದು ಗಂಟೆ. ಗಾಬರಿಯಿಂದ ರಸ್ತೆ ನೋಡಿದಳು, ನನ್ನನ್ನು ನೋಡಿದಳು. ನನ್ನ ತಲೆ ಸವರಿ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ತೀರ್ಥಹಳ್ಳಿಯಿಂದ ಬಂದ ಫಾದರ್ ಪೂಜೆ ಮಾಡಿದರು. ಗರಿ ಹಿಡಿದ ಜನ ಒಟ್ಟು ಏಳು. ಅರ್ಧ ಹೊಲಿದ ಲೇಸು ಅಮ್ಮನ ಕಣ್ಣೆದುರೇ ಜೋತಾಡುತ್ತಿತ್ತು. ಅವಳು ಅದನ್ನು ನೋಡಿದಳು, ಮತ್ತೆ ಕಣ್ಣು ಮುಚ್ಚಿದಳು. ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತೆವು. ನಾನು ಗೋಡೆ ಗಡಿಯಾರದ ಮೇಲೇ ಕಣ್ಣಿಟ್ಟಿದ್ದೆ.

"ಅಮ್ಮ, ಮೂರಾಯ್ತು. ನಿನ್ನ ಪ್ರಾಯಶ್ಚಿತ್ತ ಮುಗೀತು. ಈಸ್ಟರ್ ಸಿಕ್ತು."

"ಆಯ್ತಾ?" ಎಂದ ಅಮ್ಮ ಏಳಲಿಲ್ಲ. ಕಾಲು ನೀಡಿಕೊಂಡಳು. "ಹೆಂಗೂ ಬಸ್ಸಿರೋದು ನಾಳೆ ಬೆಳಿಗ್ಗೆ ಅಲ್ವಾ. ಕೂತ್ಕ, ಇನ್ನೊಂದು ಸ್ವಲ್ಪ ಹೊತ್ತು ಸುಮ್ನೆ ಇರನ."

ಕೂತೆ. ಒಂದೂ ಮಾತಾಡದೆ ಎಷ್ಟು ಹೊತ್ತು ಕೂತೆ ಎಂದು ಹೇಳಿದರೆ ನೀವು ನಂಬುವುದಿಲ್ಲ.