ಶಂಕರಪ್ಪ ಅಂಕಲ್ ತರುವ ಮಾಂಸ
ಮೇಲಿನ ಮನೆಯ ಶಂಕರಪ್ಪ ಅಂಕಲ್ ಹಸಿ ಮಾಂಸ ಮುಟ್ಟಿದ ಕೈಯಲ್ಲೇ ನಮ್ಮ ಒಂದು ವರ್ಷದ ಮಗ ಚಿರಂತ್‌ನ ಕೆನ್ನೆ ಸವರಿದರೆ ಏನು ಗತಿ ಎಂಬ ಭಯ ನನ್ನನ್ನು ಬಿಡುತ್ತಲೇ ಇರಲಿಲ್ಲ. ಅವರು ಎತ್ತಿಕೊಳ್ಳಲು ಬಂದರೆ ಮಗುವನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದೆ. ಈರುಳ್ಳಿಯನ್ನೂ ತಿನ್ನದ ಈ ನಿವೃತ್ತ ಸೆಕ್ಷನ್ ಆಫೀಸರ್, ಮಗಳು ಸ್ಫೂರ್ತಿ ಸಾಕಿದ್ದ ಮುಂಗುಸಿಯಂಥ ಎರಡು ಫೆರೆಟ್‌ಗಳಿಗೆ ಡಬ್ಬಿಯ ಒಣ ತಿಂಡಿ ಬಿಡಿಸಿ ಹಸಿ ಕೋಳಿಮಾಂಸ ರೂಢಿ ಮಾಡಿಸುತ್ತಿದ್ದರು. ದೆಹಲಿಯ ನಮ್ಮ ದ್ವಾರಕಾದ ಮಾಂಸದಂಗಡಿಗೆ ಬೆನ್ನು ಮಾಡಿ ನಿಂತು, ಮಾಂಸದ ಹೆಸರೂ ಎತ್ತದೆ, "ಭಯ್ಯಾ, ವಹೀ," ಅದೇ ಕೊಡಪ್ಪ, ಎನ್ನುವರು. ಪೊಟ್ಟಣವನ್ನು ಮೂರು ಚೀಲಗಳೊಳಗೆ ಅಡಗಿಸಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅದನ್ನು ಅರೆದು, ಬೆರಳ ತುದಿಯಿಂದ ನೆಕ್ಕಿಸುವರು. "ತಿಂದ್ವಾ ಅಂಕಲ್?" ಎಂದರೆ, "ಫೈಲ್ ಮೂವ್ ಆಗ್ತಿದೆ ಕಣಮ್ಮ," ಎನ್ನುವರು. ಸೊಸೈಟಿ ಸೆಕ್ರೆಟರಿಗೆ ದೂರು ಕೊಡುವ ಮೊದಲು ಅವರಿಗೇ ಹೇಳೋಣವೆಂದು ನಿನ್ನೆ ಮೇಲೆ ಹೋದೆ. ಫ್ರಿಜ್ ಮೇಲೆ ದಿನಕ್ಕೆಷ್ಟು ಮಾಂಸ ಬೆರೆಸಬೇಕೆಂಬ ಪಟ್ಟಿ ಅಂಟಿಸಿತ್ತು. ಯಾವತ್ತು ತಿಂದವು, ಯಾವತ್ತು ಬಿಟ್ಟವು ಎಂಬುದು ಹನ್ನೊಂದನೆಯ ದಿನದವರೆಗೆ ಮಗಳ ದುಂಡಗಿನ ಅಕ್ಷರದಲ್ಲಿತ್ತು. ಆಮೇಲಿನದೆಲ್ಲ ಅಂಕಲ್ ಬರಹ. "ಅವತ್ತು ಸಂಜೇನೇ ಸ್ಫೂರ್ತಿ ಸ್ಕೂಟರ್ ಆಕ್ಸಿಡೆಂಟಲ್ಲಿ ಹೋಗಿದ್ದು," ಎಂದರು. "ಅವಳು ಶುರು ಮಾಡಿದ್ದು. ಅರ್ಧಕ್ಕೆ ಹೇಗಮ್ಮ ಬಿಡೋದು?" ಹೇಳಬೇಕೆಂದುಕೊಂಡದ್ದನ್ನು ಹೇಳದೆ ಕೆಳಗಿಳಿದು ಬಂದೆ. ಇಂದು ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡು ಅವರ ನಂಬರನ್ನೇ ಒತ್ತಿದೆ: "ಅಂಕಲ್, ಇವತ್ತು ಮಾಂಸ ನಾನು ತರ್ತೀನಿ. ಬರೋವರೆಗೂ ಚಿರಂತ್ ನಿಮ್ಮ ಹತ್ರ ಇರ್ಲಿ." "ಎರಡು ಸಲ ಕೈ ತೊಳ್ಕೊಂಡಿರ್ತೀನಮ್ಮ," ಎಂದರು.